ಪಿಸುಮಾತಿನ ಮನೆಯಲ್ಲಿ ಹಗಲು ನಿದ್ದೆ

೧

"ಸುಳ್ಳು. ಈ ಯಂತ್ರವೂ ಸುಳ್ಳು, ನೀನೂ ಸುಳ್ಳು. ನಾನು ಒಂದು ಗಳಿಗೆ ಕಣ್ಣು ಮುಚ್ಚಿಲ್ಲ."

"ಮುಚ್ಚಿದ್ದನ್ನ ಆಚೆ ರೂಮಿನ ಪರದೆಯಲ್ಲಿ ನಾನೇ ನೋಡಿದೀನಿ. ಬಾಯಿ ಬೇರೆ ತೆರೆದಿತ್ತು. ಇನ್ನೂ ಎಷ್ಟು ವರ್ಷ ನನ್ನ ಕಿವಿ ಮೇಲೆ ಹೂವು ಇಡ್ತೀರಿ?"

"ಕಣ್ಣು ಮುಚ್ಕೊಂಡು ಎಚ್ಚರ ಇದ್ದೆ ಕಣೇ."

"ಈಗ ತಾನೇ ಮುಚ್ಚೇ ಇಲ್ಲ ಅಂದ್ರಿ."

"ನಿನ್ನ ಹತ್ರ ಮಾತಾಡೋದಕ್ಕಿಂತ ಗೋಡೆ ಹತ್ರ ಮಾತಾಡೋದು ವಾಸಿ."

"ಆಡಿ. ಮೆಲ್ಲಗೆ ಆಡಿ, ಗೋಡೆಗೆ ಎಚ್ಚರ ಆದೀತು."

[ತಡೆಯಿರಿ. ಹೀಗೆ ಜಗಳದ ನಡುವಿನಿಂದ ಕಥೆ ಎತ್ತಿಕೊಂಡರೆ ನಡೆದೀತೇ? ಓದುವವರಿಗೆ ಇವರು ಯಾರು, ಎಲ್ಲಿ ಕೂತಿದ್ದಾರೆ, ತಲೆಗೆ ತಂತಿ ಯಾಕೆ ಅಂಟಿಸಿಕೊಂಡಿದ್ದಾನೆ, ಒಂದೂ ಗೊತ್ತಿಲ್ಲ. ಮೊದಲ ಕರಡು ಹೀಗಿರಲಿಲ್ಲ. ಅದು "ಮನುಷ್ಯನ ಮೆದುಳು ಒಂದು ವಿಸ್ಮಯ" ಎಂದು ಶುರುವಾಗಿತ್ತು. ಆ ವಾಕ್ಯ ಮುಗಿಯುವ ಮೊದಲೇ ನನಗೆ ಆಕಳಿಕೆ ಬಂತು. ನಿದ್ದೆಯ ಮೇಲಿನ ಕಥೆಗೆ ಅದೂ ಒಂದು ಯೋಗ್ಯತೆಯೇ ಇರಬಹುದು, ಆದರೆ ಹರಿದು ಬಿಸಾಕಿದೆ. ಎರಡನೆಯದು ಮುಂದೆ ಬರುವ ನಿದ್ದೆಯ ಡಾಕ್ಟರರ ಬಾಲ್ಯದಿಂದ ಶುರುವಾಗಿತ್ತು. ಅದು ಯಾರಿಗೆ ಬೇಕು? ಕೊನೆಗೆ ಈ ಗಂಡ ಹೆಂಡತಿಯೇ ನನ್ನನ್ನು ಪಕ್ಕಕ್ಕೆ ತಳ್ಳಿ ಶುರು ಹಚ್ಚಿಕೊಂಡರು. ಬಾಯಿ ಇರುವ ಪಾತ್ರಗಳನ್ನು ಕಟ್ಟಿಕೊಂಡರೆ ಇದೇ ಗತಿ.]

೨

ಸರಿ, ಹೇಳುತ್ತೇನೆ.

ಗಂಡ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ಅಲ್ಲಿನವರು ಅವನನ್ನು ಭಟ್ಟಿ ಮೇಸ್ತ್ರಿ ಅನ್ನುತ್ತಾರೆ. ಊರು ಮಲಗಿರುವಾಗ ಅವನು ಭಟ್ಟಿಗೆ ತಟ್ಟೆ ತಳ್ಳುತ್ತಾನೆ, ಊರು ಎದ್ದು ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಮನೆಗೆ ಬಂದು ಕಿಟಕಿಗೆ ಕಪ್ಪು ಬಟ್ಟೆ ಎಳೆದು ಮಲಗುತ್ತಾನೆ. ಮಲಗುತ್ತಾನೆ ಅನ್ನುವುದು ಹೆಂಡತಿಯ ಮಾತು. ಅವನ ಮಾತಿನಲ್ಲಿ ಅವನು ಬರೀ ಅಡ್ಡಾಗುತ್ತಾನೆ. ಮದುವೆಯಾದಾಗಿನಿಂದ ತಾನು ನಿದ್ದೆ ಕಂಡಿಲ್ಲ ಎಂದು ಅವನು ಬೀಗರಿಗೆ, ಕ್ಷೌರದವನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿಕೊಂಡು ಬಂದಿದ್ದಾನೆ. ಪಕ್ಕ ಕೂತವರು ಪಾಪ ಅನ್ನುವಷ್ಟರಲ್ಲಿ ಅವರ ಹೆಗಲ ಮೇಲೆ ತಲೆ ಇಟ್ಟು ಗೊರಕೆ ಹೊಡೆದದ್ದೂ ಉಂಟು.

ಅವನು ಅಡ್ಡಾಗಲು ಮನೆಯಲ್ಲಿ ಸದ್ದು ಇರಬಾರದು. ಹೆಂಡತಿ ಹಾಗೆಯೇ ನಡೆಸಿಕೊಂಡು ಬಂದಳು. ಬಾಗಿಲ ಗಂಟೆಯ ತಂತಿ ಕಿತ್ತಳು. ಕುರ್ಚಿಯ ಕಾಲಿಗೆಲ್ಲ ಹಳೆಯ ಕಾಲುಚೀಲ ತೊಡಿಸಿದಳು. ಪಾತ್ರೆಗಳ ನಡುವೆ ಬಟ್ಟೆ ಮಡಚಿಟ್ಟು ಜೋಡಿಸಿದಳು. ಮಾತೆಲ್ಲ ಗುಸುಗುಸು. ಒಬ್ಬಳೇ ಮಗಳು ಹುಟ್ಟಿದ್ದೂ ಬೆಳೆದದ್ದೂ ಈ ಗುಸುಗುಸುವಿನಲ್ಲೇ. ಶಾಲೆಯಲ್ಲಿ ಪದ್ಯ ಒಪ್ಪಿಸು ಅಂದರೆ ಗುಟ್ಟು ಹೇಳುವವಳಂತೆ ಟೀಚರ ಕಿವಿಯ ಹತ್ತಿರ ಹೋಗುತ್ತಾಳೆ. ಹುಡುಗಿಗೆ ಗಂಟಲಿನ ತೊಂದರೆ ಏನಾದರೂ ಇದೆಯಾ ಎಂದು ಟೀಚರು ಕರೆಸಿ ಕೇಳಿದರು. ಗಂಟಲು ನೆಟ್ಟಗಿದೆ, ಅಪ್ಪನಿಗೆ ನಿದ್ದೆಯಿಲ್ಲ ಎಂದು ಹೇಳಿ, ಅವರಿಗೆ ಅರ್ಥವಾಗದೆ, ಹೆಂಡತಿ ವಾಪಸು ಬಂದಳು.

ಮತ್ತೆ ಆ ಮನೆಯ ನಡುಕೋಣೆಯಲ್ಲಿ ಒಂದು ಹೊಲಿಗೆ ಮಿಷನ್ನು. ಮೋಟಾರಿನದು. ಮದುವೆಗೆ ಮೊದಲು ಅವಳು ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದಳು, ಅವಳ ಕಾಲರಿಗೆ ಹೆಸರಿತ್ತು. ಆ ಮಿಷನ್ನು ಅವಳ ದುಡ್ಡಿನದು. ಈಗ ಅದರ ಮೇಲೊಂದು ದುಪ್ಪಟಿ, ದುಪ್ಪಟಿಯ ಮೇಲೆ ಮಡಚಿದ ಬಟ್ಟೆಗಳ ರಾಶಿ.

[ರಾತ್ರಿ ಹೊಲಿಯಬಹುದಿತ್ತಲ್ಲ, ಅವನು ಕೆಲಸಕ್ಕೆ ಹೋದ ಮೇಲೆ? ಕೇಳುತ್ತೀರೆಂದು ಗೊತ್ತಿತ್ತು. ಕೆಳಗಿನ ಮನೆಯವರು ಎಲ್ಲರಂತೆ ರಾತ್ರಿ ಮಲಗುವವರು. ಸೂರಿನ ಮೇಲೆ ಮೋಟಾರು ಗುರ್ ಅಂದರೆ ಕೋಲಿನಿಂದ ತಿವಿಯುತ್ತಾರೆ. ಹಗಲು ಗಂಡ, ರಾತ್ರಿ ಕೆಳಗಿನವರು. ಮಧ್ಯೆ ಸಂಜೆಯೊಂದು ಉಳಿಯುತ್ತದೆ, ಅದು ಅಡುಗೆಗೆ.]

ಮೊನ್ನೆ ಒಂದು ಶಾಲೆಯವರು ಯೂನಿಫಾರಂ ಹೊಲಿದುಕೊಡುತ್ತೀರಾ ಎಂದು ಕೇಳಿದರು. ಇಡೀ ಶಾಲೆಯದು, ಪ್ರತಿ ವರ್ಷವೂ. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು ಇಲ್ಲ ಉಹೂಂ ಅನ್ನಬೇಕು. ಅದಕ್ಕೇ ಗಂಡ ಹೆಂಡತಿ ಪಂದ್ಯ ಕಟ್ಟಿಕೊಂಡು ಈ ಆಸ್ಪತ್ರೆಗೆ ಬಂದದ್ದು. ಇಲ್ಲಿ ತಲೆಗೆ ತಂತಿ ಅಂಟಿಸಿ ನಿದ್ದೆ ಅಳೆಯುತ್ತಾರೆ, ರಾತ್ರಿ ಪಾಳಿಯವರಿಗೆ ಹಗಲೇ ಅಳೆಯುತ್ತಾರೆ. ನಿದ್ದೆ ಮಾಡುತ್ತಾನೆ ಎಂದು ಯಂತ್ರ ಹೇಳಿದರೆ ಮಿಷನ್ನು ಓಡಬೇಕು. ನಿಜವಾಗಿ ಎಚ್ಚರವೇ ಇರುತ್ತಾನೆ ಎಂದರೆ ಅವಳು ಮಿಷನ್ನು ಮಾರಬೇಕು, ಆ ಮಾತು ಮತ್ತೆ ಎತ್ತಬಾರದು.

ಈಗ ತಿಳಿಯಿತಲ್ಲ, ಶುರುವಿನ ಜಗಳದಲ್ಲಿ ಅವಳು ಯಾಕೆ ಅಷ್ಟು ಜೋರಾಗಿ ಮಾತಾಡಿದಳು ಅಂತ. ವರ್ಷಗಳ ಮೇಲೆ ಗಂಟಲು ಬಿಚ್ಚಿದ್ದೇ ಇವತ್ತು. ತನ್ನ ದನಿ ಇಷ್ಟು ದಪ್ಪ ಇದೆ ಅನ್ನುವುದು ಅವಳಿಗೇ ಮರೆತುಹೋಗಿತ್ತು.

೨ (ಮತ್ತೆ)

[೩ ಎಂದು ಬರೆಯಬೇಕಿತ್ತು. ಮೂರನೆಯ ಭಾಗದಲ್ಲಿ ಮೇಸ್ತ್ರಿಯ ಎಡ ಮೆದುಳು ಬಲ ಮೆದುಳಿನ ಜೊತೆ ಮಾತಾಡುವಂತೆ ಬರೆದಿದ್ದೆ. "ಏನಪ್ಪಾ, ಮಲಗಿದ್ಯಾ?" "ನೀನು ಕಾವಲಿರು, ನಾನು ಮಲಗ್ತೀನಿ." ಹೀಗೆ. ಬುದ್ಧಿವಂತಿಕೆ ಅನ್ನಿಸಿತ್ತು. ಮೇಸ್ತ್ರಿಯ ಹೆಂಡತಿ ಓದಿ, ಇವರ ಒಂದು ಬಾಯಿಗೇ ನನಗೆ ಸಾಕಾಗಿದೆ, ನೀವು ತಲೆಯೊಳಗೆ ಇನ್ನೆರಡು ಬಾಯಿ ಇಡಬೇಡಿ ಅಂದಳು. ತೆಗೆದೆ.]

ಯಂತ್ರದ ತೀರ್ಪು ಹೆಂಡತಿಯ ಕಡೆಗಿತ್ತು. ಬೆಳಿಗ್ಗೆ ಮಲಗಿದವನು ಮಧ್ಯಾಹ್ನದವರೆಗೆ ಚೆನ್ನಾಗಿ ನಿದ್ದೆ ಮಾಡಿದ್ದಾನೆ ಎಂದು ಡಾಕ್ಟರು ಓದಿ ಹೇಳಿದರು. ತೆಳ್ಳಗಿನ ಮನುಷ್ಯ, ಕಣ್ಣಿನ ಕೆಳಗೆ ಚೀಲ, ನಿದ್ದೆಯ ಡಾಕ್ಟರಿಗೇ ನಿದ್ದೆ ಸಾಲದು ಅನ್ನುವ ಹಾಗೆ. ಹೆಂಡತಿ ಎದ್ದು ಸೆರಗು ಸರಿಮಾಡಿಕೊಂಡಳು, ಶಾಲೆಗೆ ಫೋನು ಮಾಡಲು.

ಆಗ ಮೇಸ್ತ್ರಿ ತನ್ನ ತುರುಪು ಎಲೆ ಇಳಿಸಿದ.

ಎರಡು ರೂಮುಗಳ ನಡುವಿನ ಗಾಜಿನ ಪಕ್ಕ, ಅವನ ತಲೆಯಿಂದ ಬಿಚ್ಚಿದ ತಂತಿ ಸುತ್ತುತ್ತ ನಿಂತವಳನ್ನು ಅವನು ತೋರಿಸಿದ. ಅವಳು ತಂತಿ ಅಂಟಿಸುವ ಕೆಲಸದವಳು, ರೋಗಿಗಳೆಲ್ಲ ತಂತಿಯಮ್ಮ ಅನ್ನುತ್ತಾರೆ.

"ನಾನು ಮಲಗಿದ್ದೆ ಅಂತೀರಲ್ಲ ಡಾಕ್ಟ್ರೇ, ಈಯಮ್ಮ ಫೋನಲ್ಲಿ ಅವರಕ್ಕನಿಗೆ ಏನು ಹೇಳಿದ್ರು, ಹೇಳ್ಲಾ? ಅತ್ತೆ ಬರ್ತಾ ಇದಾರೆ, ತಿಂಗಳೆಲ್ಲ ಇರ್ತಾರಂತೆ. ಅದಕ್ಕೆ ಆಸ್ಪತ್ರೇಲಿ ಡಬಲ್ ಡ್ಯೂಟಿ ಹಾಕಿದಾರೆ ಅಂತ ಮನೇಲಿ ಸುಳ್ಳು ಹೇಳಿಬಿಟ್ಟಿದೀನಿ, ನೀನೂ ಹಾಗೇ ಹೇಳು ಅಂದ್ರು."

ತಂತಿಯಮ್ಮನ ಕೈಯಲ್ಲಿದ್ದ ತಂತಿಗಳು ಗಂಟು ಬಿದ್ದವು.

ಡಾಕ್ಟರು ಕನ್ನಡಕ ತೆಗೆದು, "ನಾನು ಯಾರಿಗೂ ಡಬಲ್ ಡ್ಯೂಟಿ ಹಾಕಿಲ್ಲವಲ್ಲ," ಅಂದರು.

ಹೆಂಡತಿ ಕೂತಳು. ಫೋನು ಚೀಲಕ್ಕೆ ಹಾಕಿದಳು. ತಂತಿಯಮ್ಮ ಫೋನಿನಲ್ಲಿ ಮಾತಾಡಿದ್ದು ತನಗೇ ಕೇಳಿಸಿರಲಿಲ್ಲ, ಆಚೆ ರೂಮಿನಲ್ಲಿ ಪಕ್ಕದ ಕುರ್ಚಿಯಲ್ಲೇ ಇದ್ದರೂ. ಗೋಡೆಯ ಆಚೆ ಮಲಗಿದ್ದವನಿಗೆ, ಬಾಯಿ ತೆರೆದಿದ್ದವನಿಗೆ, ಒಂದಕ್ಷರ ಬಿಡದೆ ಕೇಳಿಸಿದೆ. ಹಾಗಾದರೆ ನಿಜವೇ ಹೇಳುತ್ತಿದ್ದನೇ, ಇಷ್ಟು ವರ್ಷ? ನಿದ್ದೆಯಿಲ್ಲದ ಗಂಡನನ್ನು ಮನಸ್ಸಿನಲ್ಲೇ ಸುಳ್ಳುಬುರುಕ ಅನ್ನುತ್ತ ಬಂದೆನಲ್ಲ ಎಂದುಕೊಂಡಳು. ಯೂನಿಫಾರಮ್ಮಿನ ನೀಲಿ ಬಟ್ಟೆಯ ಥಾನುಗಳು ಅವಳ ಕಣ್ಣೆದುರಿನಿಂದ ಒಂದೊಂದಾಗಿ ಸುತ್ತಿಕೊಂಡು ಹೋದವು.

[ಇಲ್ಲಿ ಕಥೆ ಮುಗಿಸಬಹುದಿತ್ತು. ಹೆಂಡತಿ ಸೋತಳು, ಮಿಷನ್ನು ಮಾರಿದಳು, ಓದುಗರು ನಿಟ್ಟುಸಿರು ಬಿಟ್ಟರು. ಇಂಥ ಕಥೆಗಳಿಗೆ ಬಹುಮಾನ ಬರುತ್ತದೆ. ಆದರೆ ಡಾಕ್ಟರು ಬಾಯಿ ತೆರೆದರು, ಹಾಳಾಗಿ ಹೋಯಿತು.]

೪

ಡಾಕ್ಟರು ಹೇಳಿದ್ದನ್ನು ನಾನು ಮೂರು ಸಲ ಕೇಳಿಸಿಕೊಂಡೆ. ನನ್ನ ತಲೆಗೆ ಹತ್ತಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ಅವರನ್ನೇ ಕೇಳಿ.

ನಿದ್ದೆ ಅಂದರೆ ಸ್ವಿಚ್ಚು ಆರಿಸಿದ ಹಾಗೆ, ಮೆದುಳು ಪೂರ್ತಿ ಒಟ್ಟಿಗೆ ಮಲಗುತ್ತದೆ, ಒಟ್ಟಿಗೆ ಏಳುತ್ತದೆ ಎಂದು ಮೊದಲು ತಿಳಿದಿದ್ದರಂತೆ. ಈಗ ತಲೆಯ ತುಂಬ ಒತ್ತೊತ್ತಾಗಿ ತಂತಿ ಅಂಟಿಸಿ ನೋಡಿದಾಗ ಹಾಗಿಲ್ಲವಂತೆ. ಒಂದು ಕಡೆ ಗಾಢ ನಿದ್ದೆ, ಇನ್ನೊಂದು ಕಡೆ ಎಚ್ಚರದ ಮಿಡಿತ, ಎರಡೂ ಒಂದೇ ಹೊತ್ತಿಗೆ, ಒಂದೇ ತಲೆಯಲ್ಲಿ. ಯಂತ್ರದ ಪ್ರಕಾರ ಮಲಗಿದವರನ್ನು ಅಲುಗಾಡಿಸಿ ಎಬ್ಬಿಸಿ ಕೇಳಿದರೆ ಕೆಲವರು ನಾನು ಎಚ್ಚರವೇ ಇದ್ದೆ ಅನ್ನುತ್ತಾರಂತೆ. ಅವರು ಸುಳ್ಳು ಹೇಳುತ್ತಿಲ್ಲ. ಯಂತ್ರವೂ ಸುಳ್ಳು ಹೇಳುತ್ತಿಲ್ಲ. ಅದೂ ಅಲ್ಲದೆ ಹೊಸ ಜಾಗದಲ್ಲಿ ಮಲಗಿದರೆ ಯಾರ ಮೆದುಳಾದರೂ ಒಂದು ಪಕ್ಕವನ್ನು ಕೊಂಚ ಕಾವಲಿಗೆ ಬಿಟ್ಟಿರುತ್ತದೆ. ಬಾತುಕೋಳಿಗಳು ಸಾಲಾಗಿ ಮಲಗಿದಾಗ ಅಂಚಿನಲ್ಲಿರುವುದು ಒಂದು ಕಣ್ಣು ತೆರೆದೇ ನಿದ್ದೆ ಮಾಡುತ್ತದಂತೆ.

"ನನ್ನನ್ನ ಬಾತುಕೋಳಿ ಅಂದ್ರಾ?" ಎಂದ ಮೇಸ್ತ್ರಿ.

ಡಾಕ್ಟರು ಇಲ್ಲ ಇಲ್ಲ, ಹೋಲಿಕೆಗೆ ಹೇಳಿದೆ ಅಂದರು. ಹೆಂಡತಿಗೆ ನಗು ಬಂತು, ಕೆಮ್ಮಿ ನುಂಗಿದಳು.

ಹೀಗೆ ಇಬ್ಬರೂ ಗೆದ್ದರು. ಇಬ್ಬರೂ ಗೆದ್ದರೆ ಪಂದ್ಯದ ಗತಿ ಏನು? ಅವಳು ಲೆಕ್ಕ ಹಾಕಿದಳು: ಮಲಗುವ ಭಾಗ ಏನು ಸದ್ದಾದರೂ ಮಲಗುತ್ತದೆ, ಎಚ್ಚರದ ಭಾಗ ಏನೂ ಸದ್ದಿಲ್ಲದಿದ್ದರೂ ಎದ್ದಿರುತ್ತದೆ, ಹಾಗಾದರೆ ಮಿಷನ್ನು ಓಡಿಸಿದರೆ ಯಾರ ಗಂಟೇನು ಹೋಯಿತು? ಅವನು ಒಪ್ಪಲಿಲ್ಲ. ಎದ್ದಿರುವ ಭಾಗವೇ ತಾನು, ಮಲಗಿರುವ ಭಾಗ ಯಾರೋ ತನಗೆ ಗೊತ್ತಿಲ್ಲ, ಅದರ ಜೊತೆ ಬೇಕಾದರೆ ನೀನು ಸಂಸಾರ ಮಾಡಿಕೋ ಅಂದ. ಅವಳು, ಅದೇ ವಾಸಿ, ಅದು ಬಾಯಿ ಮುಚ್ಚಿಕೊಂಡಿರುತ್ತದೆ ಅಂದಳು. ಬಾಯಿ ತೆರೆದಿತ್ತು ಅಂತ ನೀನೇ ಅಂದೆಯಲ್ಲ ಎಂದು ಅವನು.

ನಾನು ನಡುವೆ ಬಾಯಿ ಹಾಕಿ, ಇಬ್ಬರೂ ಸ್ವಲ್ಪ ಸುಮ್ಮನಿರಿ, ಓದುವವರಿಗೆ ಬೇಸರವಾಗುತ್ತಿದೆ ಎಂದೆ.

"ಬೇಸರ ಆದವರು ಮಲಗಲಿ," ಎಂದ ಮೇಸ್ತ್ರಿ. "ಅವರಿಗಾದರೂ ನಿದ್ದೆ ಬರುತ್ತಲ್ಲ."

ಇವನನ್ನು ಇಷ್ಟು ಚೂಟಿಯಾಗಿ ಬರೆದದ್ದು ನನ್ನದೇ ತಪ್ಪು.

೫

ಮಾತಿನ ನಡುವೆ ಹೆಂಡತಿ ಸುಮ್ಮನೆ ಒಂದು ಪ್ರಶ್ನೆ ಕೇಳಿದಳು. ಅದರಲ್ಲಿ ಉಪಾಯವೇನೂ ಇರಲಿಲ್ಲ, ಅವಳ ತಲೆ ಬೆಳಿಗ್ಗೆಯಿಂದ ಸಿಡಿಯುತ್ತಿತ್ತು, ಅದಕ್ಕೆ ಕೇಳಿದಳು. ಮಹಡಿಯ ಮೊಗಸಾಲೆಯಲ್ಲಿ ಟೈಲ್ಸು ಕುಯ್ಯುತ್ತಿದ್ದರಲ್ಲ, ಅದನ್ನು ಹೇಗೆ ತಡೆದುಕೊಂಡಿರಿ?

"ಯಾವ ಟೈಲ್ಸು?" ಎಂದ ಗಂಡ.

ತಂತಿಯಮ್ಮ ತಿರುಗಿ ನೋಡಿದಳು. ಬೆಳಿಗ್ಗೆ ಆ ಟೈಲ್ಸಿನವರ ಜೊತೆ ಕಿತ್ತಾಡಿದ್ದು ಅವಳೇ. ಬಾಗಿಲ ಹೊರಗೇ ಕಲ್ಲು ಕುಯ್ಯುವ ಯಂತ್ರ ಹಚ್ಚಿದ್ದರು, ಹಲ್ಲು ಜುಮ್ಮೆನ್ನುವ ಸದ್ದು. ಇವತ್ತಿನ ಪರೀಕ್ಷೆ ಕೆಟ್ಟಿತು ಎಂದುಕೊಂಡಿದ್ದಳು. ಅಕ್ಕನಿಗೆ ಫೋನು ಮಾಡಿದ್ದು ಆ ಸದ್ದು ನಿಂತ ಮೇಲೆಯೇ.

ಡಾಕ್ಟರು ಯಂತ್ರದ ಗೆರೆಗಳನ್ನು ಹಿಂದಕ್ಕೆ ಓಡಿಸಿದರು. ಎಲ್ಲರೂ ಪರದೆಯ ಮುಂದೆ ಬಗ್ಗಿದರು, ನಾನೂ ಬಗ್ಗಿದೆ. ಟೈಲ್ಸು ಕುಯ್ಯುವ ಹೊತ್ತಿನಲ್ಲಿ ಮೇಸ್ತ್ರಿಯ ಮೆದುಳು ಹಾಸಿಗೆ ಬಿಚ್ಚಿ ಮಲಗಿತ್ತು. ದೊಡ್ಡ ದೊಡ್ಡ ಅಲೆ, ನಿಧಾನಕ್ಕೆ ಏಳುವುದು, ನಿಧಾನಕ್ಕೆ ಬೀಳುವುದು. ಇಡೀ ದಿನದಲ್ಲಿ ಅಷ್ಟು ಗಾಢ ನಿದ್ದೆ ಇನ್ನೆಲ್ಲೂ ಇರಲಿಲ್ಲ. ಆಮೇಲೆ ಸದ್ದು ನಿಂತಿತು. ತಂತಿಯಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಗುಸುಗುಸು ಶುರು ಮಾಡಿದಳು. ಅಲ್ಲಿಂದ ಗೆರೆಗಳ ನಡುವೆ ಸಣ್ಣ ಸಣ್ಣ ಇರುವೆ ಸಾಲು. ಅಂದರೆ ಒಂದು ಮೂಲೆ ಎದ್ದು ಕೂತು ಕಿವಿ ನಿಮಿರಿಸಿತ್ತು.

ಒಬ್ಬ ಮನುಷ್ಯನ ಒಂದು ಹಗಲು ನೋಡಿ ಹೀಗೇ ಎಂದು ಹೇಳಲಾಗದು ಎಂದು ಡಾಕ್ಟರು ಮೊದಲೇ ಬೇಲಿ ಹಾಕಿಕೊಂಡರು. ಆಮೇಲೆ ಕೇಳಿದರು, ಕೆಲಸದ ಜಾಗದಲ್ಲಿ ನಿದ್ದೆ ಬರುತ್ತದೆಯೇ?

ಮೇಸ್ತ್ರಿ ಕೆನ್ನೆ ಕೆರೆದುಕೊಂಡ. ಹಿಟ್ಟು ಕಲಸುವ ಯಂತ್ರದ ಪಕ್ಕ ನಿಂತರೆ ಒಮ್ಮೊಮ್ಮೆ ನಿಂತಲ್ಲೇ ತೂಕಡಿಕೆ ಬರುತ್ತದೆ ಎಂದು ಒಪ್ಪಿಕೊಂಡ. ಆ ಯಂತ್ರ ಗಡಗಡ ಅನ್ನುತ್ತಿದ್ದರೆ ಎಂಥದೋ ನೆಮ್ಮದಿಯಂತೆ. ಅಲ್ಲಿ ಯಾರೂ ಗುಟ್ಟು ಮಾತಾಡಲು ಆಗುವುದಿಲ್ಲ.

"ಮನೇಲಿ ಹಾಗಲ್ಲ ಡಾಕ್ಟ್ರೇ. ಅಮ್ಮ ಮಗಳು ಗುಸುಗುಸು, ಗುಸುಗುಸು. ಗುಸುಗುಸು ಅಂದ್ರೆ ನನ್ನ ವಿಷಯವೇ ಇರಬೇಕಲ್ಲ. ಕಿವಿ ಕೊಡದೆ ಹೇಗಿರೋದು?"

ಹೆಂಡತಿ ಅವನ ಕಡೆ ತಿರುಗಿದಳು.

"ನಾವು ಏನು ಮಾತಾಡ್ತಿದ್ವಿ ಗೊತ್ತಾ ನಿಮಗೆ?"

"ಏನು?"

"ಮೆಲ್ಲಗೆ ಮಾತಾಡು ಮರಿ, ಅಪ್ಪನಿಗೆ ಎಚ್ಚರ ಆಗುತ್ತೆ ಅಂತ. ಬೇರೆ ಏನೂ ಇಲ್ಲ. ಇಷ್ಟು ವರ್ಷ ಅದನ್ನೇ ಮಾತಾಡಿರೋದು. ಅದನ್ನ ಕೇಳೋಕೆ ನೀವು ಎದ್ದಿದ್ರಾ?"

ತಂತಿಯಮ್ಮ ಅಂಟು ಒರೆಸುವ ಹತ್ತಿಯನ್ನು ಕಣ್ಣಿಗೆ ಒತ್ತಿಕೊಂಡು, ಅಂಟು ತಾಗಿ, ಮೂಲೆಯ ನಲ್ಲಿಗೆ ಓಡಿದಳು.

೬

ಈಗ ಎಲ್ಲ ಸಲೀಸು ಎಂದುಕೊಂಡೆ ನಾನು. ಡಾಕ್ಟರಿಗೂ ಹಾಗೇ ಅನ್ನಿಸಿರಬೇಕು, ಮುಖದ ಮೇಲೆ ಕಳೆ ಬಂತು. ಅವರು ಮಾತ್ರೆ ಬರೆಯಲಿಲ್ಲ. ಹೆಂಡತಿಗೆ ಹೇಳಿದರು, ನೋಡಿಯಮ್ಮ, ಒಂದೇ ಸಮನೆ ಇರುವ ಸದ್ದು ಇವರಿಗೆ ಒಗ್ಗುವ ಹಾಗಿದೆ, ನಿಮ್ಮ ಹತ್ತಿರ ಹೊಲಿಗೆ ಮಿಷನ್ನು ಇದೆ ಅಂದಿರಲ್ಲ, ಇವರು ಮಲಗಿದಾಗ ದಿನಾ ಓಡಿಸಿ ನೋಡಿ. ಚಿಕಿತ್ಸೆ ಅಂತಲೇ ಇಟ್ಟುಕೊಳ್ಳಿ.

ಮೇಸ್ತ್ರಿಯೂ ದೊಡ್ಡ ಮನಸ್ಸು ಮಾಡಿದ. "ಆಯ್ತು ಕಣೇ. ಓಡಿಸು, ನಂದೇನೂ ಅಡ್ಡಿಯಿಲ್ಲ." ಆಮೇಲೆ ಸ್ವಲ್ಪ ಯೋಚಿಸಿ ಸೇರಿಸಿದ, "ಆದರೆ ಒಂದೇ ಸಮ ಓಡಿಸಬೇಕು. ಮಧ್ಯೆ ನಿಲ್ಲಿಸಬೇಡ, ನಿಂತರೆ ಎಚ್ಚರ ಆಗುತ್ತೆ. ದಾರ ಬದಲಿಸೋದು, ಗುಂಡಿ ಹಾಕೋದು ಎಲ್ಲ ನಾನು ಎದ್ದ ಮೇಲೆ. ಕಾಲರು ಗೀಲರು ಬೇಡ, ಅದಕ್ಕೆ ನಿಲ್ಲಿಸಿ ನಿಲ್ಲಿಸಿ ಹೊಲೀಬೇಕು. ಉದ್ದ ಹೊಲಿಗೆ ಇರೋದು ನೋಡ್ಕೋ. ಪರದೆ, ದುಪ್ಪಟಿ, ಅಂಥದ್ದು."

ಅವಳು ಎದುರಿಗಿದ್ದ ಮೂವರನ್ನೂ ನೋಡಿದಳು. ಡಾಕ್ಟರು ತಲೆಯಾಡಿಸುತ್ತಿದ್ದರು. ತಂತಿಯಮ್ಮ ಒದ್ದೆ ಕಣ್ಣಿನಿಂದಲೇ ನಗುತ್ತಿದ್ದಳು. ಗಂಡ, ತಲೆಯ ತುಂಬ ಅಂಟಿನ ಉಂಡೆಗಳನ್ನು ಹೊತ್ತುಕೊಂಡು, ಇಷ್ಟು ಉಪಕಾರ ಮಾಡಿದ ಮೇಲೂ ಇವಳ ಮುಖ ಯಾಕೆ ಹೀಗಿದೆ ಎಂದು ನೋಡುತ್ತಿದ್ದ.

[ಮುಕ್ತಾಯ ಒಂದು: ಹೆಂಡತಿ ದುಪ್ಪಟಿ ತೆಗೆದಳು. ಮಿಷನ್ನು ಗುರ್ ಅಂದಿತು. ಭಟ್ಟಿ ಮೇಸ್ತ್ರಿ ಮಗುವಿನಂತೆ ಮಲಗಿದ. ಮಗಳು ಗಟ್ಟಿಯಾಗಿ ಪದ್ಯ ಹೇಳಿದಳು. ಶುಭಂ.]

"ಯಾರು ಬರೆದಿದ್ದು ಇದನ್ನ?" ಎಂದಳು ಅವಳು. ನನಗೆ ಹೇಳಿದ್ದು.

ನಾನು ಎಂದೆ. ಮಿಷನ್ನು ಓಡುತ್ತದಲ್ಲ, ನೀನು ಕೇಳಿದ್ದೂ ಅದೇ ಅಲ್ಲವೇ?

"ನಾನು ಹೊಲಿಯೋದು ಇವರಿಗೆ ಜೋಗುಳ ಹಾಡೋಕಾ? ಇಷ್ಟು ವರ್ಷ ಇವರ ನಿದ್ದೆಗೆ ಅಂತ ನಿಲ್ಲಿಸಿದ್ದೆ. ಇನ್ನು ಮೇಲೆ ಇವರ ನಿದ್ದೆಗೆ ಅಂತ ಓಡಿಸಬೇಕು. ಏನು ಬದಲಾಯ್ತು ಸ್ವಾಮಿ?"

[ಮುಕ್ತಾಯ ಎರಡು: ಮೇಸ್ತ್ರಿ ಮಿಷನ್ನಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡು ಅದನ್ನೇ ಕೇಳುತ್ತ ಮಲಗುತ್ತಾನೆ. ಅವಳು ತನಗೆ ಬೇಕಾದ್ದನ್ನು ಬೇಕಾದಾಗ ನಿಲ್ಲಿಸಿ, ಬೇಕಾದಾಗ ಓಡಿಸಿ ಹೊಲಿಯುತ್ತಾಳೆ.

ಮೇಸ್ತ್ರಿ: ಎರಡೂ ಸದ್ದು ಬೆರೆತರೆ ನನಗೆ ಎಚ್ಚರ ಆಗುತ್ತೆ.

ಮುಕ್ತಾಯ ಮೂರು: ಮೇಸ್ತ್ರಿಗೆ ಭಟ್ಟಿಯ ಮುಂದೆಯೇ ಹೃದಯ ನಿಲ್ಲುತ್ತದೆ.

ಮೇಸ್ತ್ರಿ: ಯಾಕ್ರೀ? ನಾನು ನಿಮಗೇನು ಮಾಡಿದೀನಿ?

ನಿಜ, ಸಿಟ್ಟಿಗೆ ಬರೆದೆ, ಹೊಡೆದು ಹಾಕಿದೆ.

ಮುಕ್ತಾಯ ನಾಲ್ಕು: ಡಾಕ್ಟರೇ ಮಧ್ಯಸ್ಥಿಕೆ ವಹಿಸಿ]

ಅದನ್ನು ಮುಗಿಸಲು ಅವಳು ಬಿಡಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಗಂಡ ಎಲ್ಲಿಗೆ ಎಂದು ಕೇಳಿದ. ಡಾಕ್ಟರು ಇನ್ನೊಂದು ಸಹಿ ಬೇಕಿತ್ತು ಅಂದರು. ಅವಳು ಬಾಗಿಲಿನವರೆಗೆ ಹೋದಳು. ನಾನು ಬೆನ್ನು ಹತ್ತಿದೆ. ನೀನು ಹೀಗೆ ಎದ್ದು ಹೋದರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ, ಶಾಲೆಗೆ ಹೂಂ ಅಂತೀಯೋ ಉಹೂಂ ಅಂತೀಯೋ, ಎಲ್ಲಿ ಕೂತು ಹೊಲೀತೀಯ, ಮನೆಗೆ ಹೋಗ್ತೀಯೋ ಇಲ್ಲವೋ, ಅದನ್ನಾದರೂ ಹೇಳಿ ಹೋಗು ಎಂದು ಕೇಳಿಕೊಂಡೆ.

ಅವಳು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹೇಳಿದರೆ ಬರೆದುಬಿಡ್ತೀರಿ," ಅಂದಳು.

ಬಾಗಿಲು ತಾನಾಗಿ ಮುಚ್ಚಿಕೊಂಡಿತು.

೭

ಬರ್ತಾಳೆ ಬಿಡಿ, ಸಿಟ್ಟು ಇಳಿದ ಮೇಲೆ ಬರ್ತಾಳೆ ಎಂದ ಮೇಸ್ತ್ರಿ. ತಂತಿಯಮ್ಮ ಅವನ ತಲೆಯ ಅಂಟು ಬಿಡಿಸಿದಳು. ಡಾಕ್ಟರು ಮುಂದಿನ ರೋಗಿಯನ್ನು ಕರೆಸಲೋ ಬೇಡವೋ ಎಂದು ಎರಡು ಸಲ ಕೈಗಡಿಯಾರ ನೋಡಿದರು. ಕಿಟಕಿಯ ಬಿಸಿಲು ಹಾಸಿಗೆಯಿಂದ ಇಳಿದು ನೆಲಕ್ಕೆ ಬಂತು. ಮೇಸ್ತ್ರಿ ಫೋನು ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ. ಆಮೇಲೆ ನನ್ನ ತೋಳು ಹಿಡಿದು ಮೆತ್ತಗಿನ ದನಿಯಲ್ಲಿ ಕೇಳಿದ, "ನೀವು ಬರೆಯೋರಲ್ವಾ? ಒಂದು ಸಾಲು ಬರೀರಿ ಸಾಕು. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ."

ಅವನ ಮುಖ ನೋಡಿ ನನ್ನ ಸಿಟ್ಟೂ ಇಳಿಯಿತು. ಪೆನ್ನು ತೆಗೆದು ಬರೆದೆ:

ಅವಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

ನಾವು ನಾಲ್ವರೂ ಬಾಗಿಲು ನೋಡಿದೆವು.